ತಪ್ಪೇ ನಿಘಂಟು ಸೇರಿದಾಗ

ಹೊಸ ತಂಡವೊಂದರ ರೆಪೊಗಳ (ಕೋಡ್ ಇಡುವ ಸಂಗ್ರಹಗಳ) ಉಸ್ತುವಾರಿ ನನಗೆ ಬಂದ ಮೊದಲ ವಾರದಲ್ಲೇ ಅವರ ಸ್ಪೆಲ್ ಚೆಕರ್‌ನ ಪದಪಟ್ಟಿ ತೆರೆದು ನೋಡಿದೆ. ಸಾವಿರಕ್ಕೂ ಮೀರಿ ಪದಗಳಿದ್ದವು. ಉತ್ಪನ್ನಗಳ ಹೆಸರು, ಲೈಬ್ರರಿಗಳ ಹೆಸರು, ನಡುನಡುವೆ ‘ರಿಸೀವ್’ ಪದದಲ್ಲಿ ಇ ಮತ್ತು ಐ ಜಾಗ ಬದಲಿಸಿಕೊಂಡ ರೂಪ, ‘ಸೆಪರೇಟ್’ ಪದದ ನಡುವೆ ಎ ಬದಲು ಇ ಬಂದ ರೂಪ. ಹೀಗಿದ್ದೂ ಕೋಡನ್ನು ಪರೀಕ್ಷಿಸಿ ಕಟ್ಟುವ ಬಿಲ್ಡ್ ಮಾತ್ರ ದಿನವೂ ಹಸಿರು, ಅಂದರೆ ಪಾಸು. ಎಡಿಟರ್‌ನಲ್ಲಿ ಪದದ ಕೆಳಗೆ ಗೆರೆ ಕಂಡಾಗ ‘ನಿಘಂಟಿಗೆ ಸೇರಿಸು’ ಒತ್ತುವುದಕ್ಕೂ ತಿದ್ದುವುದಕ್ಕೂ ಬೇಕಾಗುವುದು ಒಂದೇ ಒಂದು ಕ್ಲಿಕ್. ಅವಸರದಲ್ಲಿದ್ದ ಯಾರೋ ಮೊದಲನೆಯದನ್ನು ಒತ್ತಿದ್ದರು. ಆ ಪಟ್ಟಿಯನ್ನು ಇಪ್ಪತ್ತಕ್ಕೂ ಹೆಚ್ಚು ಪ್ರಾಜೆಕ್ಟ್‌ಗಳು ಬಳಸುತ್ತಿದ್ದುದರಿಂದ, ಆ ಕ್ಷಣದಿಂದ ಅಷ್ಟೂ ಕಡೆ ಆ ತಪ್ಪು ‘ಸರಿ’ಯಾಗಿಬಿಟ್ಟಿತು.

ಹಲವು ಪ್ರಾಜೆಕ್ಟ್‌ಗಳಿಗೆ ಒಂದೇ ಸ್ಪೆಲ್ ಚೆಕ್ ಕಾನ್ಫಿಗ್ (ಸೆಟ್ಟಿಂಗ್‌ಗಳ ಫೈಲ್) ಮಾಡಿಕೊಡಿ ಎಂದು ಕೇಳುವವರು ಸಾಮಾನ್ಯವಾಗಿ ಯಾವ ಟೂಲ್ ಒಳ್ಳೆಯದು ಎಂಬುದರಿಂದ ಮಾತು ಶುರುಮಾಡುತ್ತಾರೆ. ನನ್ನ ಅನುಭವದಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ, ಯಾವ ಪದ ಎಲ್ಲಿರಬೇಕು, ಅದನ್ನು ಒಳಗೆ ಬಿಡುವವರು ಯಾರು ಎಂಬುದು.

ಆದರೂ ಟೂಲ್ ವಿಷಯ ಮೊದಲು ಹೇಳಿಬಿಡುತ್ತೇನೆ. ಇವುಗಳಲ್ಲಿ ಎರಡು ಜಾತಿ. ಸಿಸ್ಪೆಲ್ ಎಂಬ ಟೂಲ್‌ಗೆ ತನ್ನ ನಿಘಂಟಿನಲ್ಲಿಲ್ಲದ ಪದವೆಲ್ಲ ಅನುಮಾನ. ಪದಗಳನ್ನು ಅಂಟಿಸಿ ನಡುವೆ ದೊಡ್ಡಕ್ಷರ ಹಾಕಿ ಬರೆಯುವ ಕ್ಯಾಮೆಲ್‌ಕೇಸ್ ಹೆಸರನ್ನು ಆ ದೊಡ್ಡಕ್ಷರ ಬಂದಲ್ಲಿ ಒಡೆದು ತುಂಡು ತುಂಡಾಗಿ ನೋಡುತ್ತದೆ. ಕೋಡ್‌ಸ್ಪೆಲ್, ಟೈಪೋಸ್ ಎಂಬ ಟೂಲ್‌ಗಳು ಇದಕ್ಕೆ ತದ್ವಿರುದ್ಧ. ಜನ ಸಾಮಾನ್ಯವಾಗಿ ಮಾಡುವ ತಪ್ಪುಗಳ ಪಟ್ಟಿ ಇಟ್ಟುಕೊಂಡು ಅವನ್ನು ಮಾತ್ರ ಹಿಡಿಯುತ್ತವೆ. ಕೋಡ್‌ಸ್ಪೆಲ್‌ನ ಪಟ್ಟಿಗೆ ಮೂಲ ಇಂಗ್ಲಿಷ್ ವಿಕಿಪೀಡಿಯ. ಹೊಸ ಪ್ರಾಜೆಕ್ಟ್ ಆದರೆ ಮೊದಲ ದಿನದಿಂದಲೇ ಸಿಸ್ಪೆಲ್ ಹಾಕಿ ಎನ್ನುತ್ತೇನೆ. ಹತ್ತು ವರ್ಷದ ಹಳೆಯ ಕೋಡ್ ಆದರೆ ಮೊದಲು ಕೋಡ್‌ಸ್ಪೆಲ್, ಧೂಳು ಇಳಿದ ಮೇಲೆ ಸಿಸ್ಪೆಲ್. ಎರಡೂ ಒಟ್ಟಿಗಿದ್ದರೂ ನಷ್ಟವಿಲ್ಲ. ಸಿಸ್ಪೆಲ್ ನಾವು ಬೇರೆ ಹೇಳದಿದ್ದರೆ 4 ಅಕ್ಷರಕ್ಕಿಂತ ಚಿಕ್ಕ ಪದಗಳನ್ನು ಬಿಟ್ಟುಬಿಡುತ್ತದೆ. ಹಾಗಾಗಿ ಇಂಗ್ಲಿಷಿನ ‘ದಿ’ ಬರೆಯುವಾಗ ಎಚ್ ಮತ್ತು ಇ ಹಿಂದುಮುಂದಾದರೆ ಅದಕ್ಕೆ ಕಾಣುವುದಿಲ್ಲ, ಕೋಡ್‌ಸ್ಪೆಲ್‌ಗೆ ಕಾಣುತ್ತದೆ. ‘ಫ್ರಮ್’ ಬರೆಯಬೇಕಾದಲ್ಲಿ ‘ಫಾರ್ಮ್’ ಬರೆದರೆ ಎರಡಕ್ಕೂ ಕಾಣದು. ಅದಕ್ಕೆ ರಿವ್ಯೂ ಮಾಡುವವರ ಕಣ್ಣೇ ಗತಿ.

ಈಗ ಪದಗಳ ಮನೆಗೆ ಬರೋಣ. ನಾನು ಮೂರು ಅಂತಸ್ತು ಮಾಡುತ್ತೇನೆ. ಮೇಲಿನದು ಎಲ್ಲರೂ ಬಳಸುವ ಪ್ಯಾಕೇಜ್. ಅದರಲ್ಲಿ ಸಂಸ್ಥೆಯ ಹೆಸರು, ಉತ್ಪನ್ನಗಳ ಹೆಸರು, ಎಲ್ಲ ತಂಡಗಳೂ ಬಳಸುವ ಸಂಕ್ಷೇಪಗಳು, ಮತ್ತೆ ಯಾವ ಪ್ರಾಜೆಕ್ಟಿನಲ್ಲೂ ನೋಡಬೇಕಿಲ್ಲದ ಫೈಲ್‌ಗಳ ದಾರಿ: ಲಾಕ್ ಫೈಲ್, ಮಿನಿಫೈ ಆದ ಕೋಡ್, ಟೆಸ್ಟ್ ಸ್ನ್ಯಾಪ್‌ಶಾಟ್, ಲೈಸೆನ್ಸ್, ಬೇರೆ ಭಾಷೆಗಳ ಅನುವಾದದ ಫೈಲ್. ಸಿಸ್ಪೆಲ್‌ನ ‘ಇಂಪೋರ್ಟ್’ ಎಂಬ ಸೆಟ್ಟಿಂಗ್‌ಗೆ ಈ ಪ್ಯಾಕೇಜಿನ ಹೆಸರು ಕೊಟ್ಟರೆ ಇದರ ಪದಗಳು ಪ್ರಾಜೆಕ್ಟಿನ ಪದಗಳ ಜೊತೆ ಸೇರಿಕೊಳ್ಳುತ್ತವೆ. ಎರಡನೆಯದು ಪ್ರಾಜೆಕ್ಟಿನ ಸ್ವಂತ ಪಟ್ಟಿ. ವೈದ್ಯಕೀಯ ಸಾಫ್ಟ್‌ವೇರಿನ ಔಷಧದ ಹೆಸರು ಲೆಕ್ಕಪತ್ರದ ಸಾಫ್ಟ್‌ವೇರಿಗೆ ಯಾಕೆ? ಮೂರನೆಯದು ಫೈಲಿನ ಒಳಗೇ ಬರೆಯುವ ಕಾಮೆಂಟ್. ಒಂದೇ ಕಡೆ ಬರುವ ವಿಚಿತ್ರ ಪದಕ್ಕೆ ಅಲ್ಲೇ ‘ಇಗ್ನೋರ್’ ಎಂದು ಬರೆದರೆ ಸಾಕು.

ಪದ ಕೆಳಗಿನ ಅಂತಸ್ತಿನಲ್ಲೇ ಹುಟ್ಟಬೇಕು, ಮೂರು ಪ್ರಾಜೆಕ್ಟ್‌ಗಳಲ್ಲಾದರೂ ಕಂಡ ಮೇಲಷ್ಟೇ ಮೇಲಕ್ಕೆ ಹೋಗಬೇಕು ಎಂಬುದು ನಾನು ಬಿಟ್ಟುಕೊಡದ ನಿಯಮ. ಒಂದು ಕಡೆ ಹೆಸರಾಗಿ ಬರುವ ಪದ ಇನ್ನೊಂದು ಕಡೆ ತಪ್ಪೇ ಆಗಿರಬಹುದು. ಮೇಲಿನ ಪಟ್ಟಿಗೆ ಸೇರಿದ ಪ್ರತಿ ಪದವೂ ಎಲ್ಲ ತಂಡಗಳಲ್ಲೂ ಒಂದೊಂದು ಜಾಗದಲ್ಲಿ ಚೆಕರ್‌ನ ಕಣ್ಣು ಮುಚ್ಚಿದಂತೆ.

ಪಟ್ಟಿಯನ್ನು ಜೇಸನ್ ರೂಪದ ಕಾನ್ಫಿಗ್ ಫೈಲಿನೊಳಗೆ ತುರುಕದೆ ಬೇರೆ ಟೆಕ್ಸ್ಟ್ ಫೈಲಿನಲ್ಲಿಡಿ. ಸಾಲಿಗೊಂದು ಪದ, ಅಕಾರಾದಿಯಾಗಿ. ಇಬ್ಬರು ಒಂದೇ ದಿನ ಪದ ಸೇರಿಸಿದರೂ ಇಬ್ಬರ ಬದಲಾವಣೆಗಳನ್ನು ಒಂದಾಗಿಸುವಾಗ ಬರುವ ಮರ್ಜ್ ಜಗಳ ಕಡಿಮೆ. ಸಿಸ್ಪೆಲ್‌ನ ಪದಪಟ್ಟಿಯಲ್ಲಿ ಹ್ಯಾಶ್ ಗುರುತಿನಿಂದ ಕಾಮೆಂಟ್ ಬರೆಯಬಹುದು. ಆ ಪದ ಯಾಕೆ ಬಂತೆಂದು ಅಲ್ಲೇ ನಾಲ್ಕು ಮಾತು ಬರೆಸುತ್ತೇನೆ. ಕಾರಣ ಬರೆಯಲು ಕೂತವರಿಗೆ ಎಷ್ಟೋ ಸಲ ತಾವು ಸೇರಿಸುತ್ತಿರುವುದೇ ತಪ್ಪು ಪದವೆಂದು ಹೊಳೆದಿದೆ.

ಹಳೆಯ ಕೋಡಿಗೆ ಇದನ್ನು ತರುವಾಗ ಮೊದಲ ಓಟದಲ್ಲೇ ಸಾವಿರಾರು ದೂರುಗಳು ಸುರಿಯುತ್ತವೆ. ಎದೆಗುಂದಬೇಡಿ. ದೂರುಗಳನ್ನು ಬದಿಗಿಟ್ಟು ಪದಗಳನ್ನಷ್ಟೇ ಬೇರ್ಪಡಿಸಿ, ಯಾವುದು ಎಷ್ಟು ಸಲ ಬಂದಿದೆ ಎಂದು ಎಣಿಸಿ. 1975ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀವ್ ಜಾನ್ಸನ್ ಯುನಿಕ್ಸ್‌ಗಾಗಿ ಬರೆದ ‘ಸ್ಪೆಲ್’ ಮಾಡುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ: ಪದ ಬಿಡಿಸು, ವಿಂಗಡಿಸು, ಎರಡೆರಡು ಸಲ ಬಂದದ್ದನ್ನು ಒಂದು ಮಾಡು, ನಿಘಂಟಿನಲ್ಲಿಲ್ಲದ್ದನ್ನು ತೋರಿಸು. ಹೆಚ್ಚು ಸಲ ಬಂದ ಪದಗಳು ಬಹುಪಾಲು ಹೆಸರುಗಳು, ಅವು ಪಟ್ಟಿಗೆ. ಒಂದೆರಡೇ ಸಲ ಬಂದವುಗಳಲ್ಲಿ ನಿಜವಾದ ತಪ್ಪುಗಳು ಅಡಗಿರುತ್ತವೆ. ಈ ತುದಿಯನ್ನು ನಿಧಾನವಾಗಿ ಓದಿ.

ಓದಿ ಎಂದೆ, ಮೆಷಿನ್‌ಗೆ ಒಪ್ಪಿಸಿ ಎನ್ನಲಿಲ್ಲ. ಕೋಡ್‌ಸ್ಪೆಲ್‌ಗೆ ತಾನೇ ತಿದ್ದಿ ಬರೆಯುವ ಆಯ್ಕೆಯೂ ಇದೆ. ಒಮ್ಮೆ ಅದನ್ನು ಇಡೀ ರೆಪೊ ಮೇಲೆ ಓಡಿಸಿದೆ. ಬಳಕೆದಾರರ ಸೆಟ್ಟಿಂಗ್‌ಗಳನ್ನು ಉಳಿಸುವ ಒಂದು ಕೀಲಿಯ ಹೆಸರಿನಲ್ಲಿ ವರ್ಷಗಳಿಂದ ತಪ್ಪಿತ್ತು, ಅದೂ ಸರಿಯಾಯಿತು. ಆದರೆ ಈಗಾಗಲೇ ಉಳಿಸಿಟ್ಟ ಡೇಟಾದಲ್ಲಿ ಇದ್ದದ್ದು ಹಳೆಯ ಹೆಸರು. ಅಪ್‌ಡೇಟ್ ಹೋದ ಬೆಳಿಗ್ಗೆ ಜನರ ಸೆಟ್ಟಿಂಗ್‌ಗಳೆಲ್ಲ ಮೊದಲಿನಂತಾಗಿ ಕೂತಿದ್ದವು. ಅವತ್ತಿನಿಂದ ಕಾಮೆಂಟ್ ಮತ್ತು ದಾಖಲೆಗಳನ್ನು ಒಂದು ಕಮಿಟ್‌ನಲ್ಲಿ (ಒಟ್ಟಿಗೆ ದಾಖಲಿಸುವ ಬದಲಾವಣೆಗಳ ಕಂತಿನಲ್ಲಿ), ಹೊರಗೆ ಕಾಣುವ ಹೆಸರುಗಳನ್ನು ಬೇರೆ ಕಮಿಟ್‌ನಲ್ಲಿ, ಒಂದೊಂದನ್ನೂ ನೋಡಿ ತಿದ್ದುತ್ತೇನೆ.

ಕೆಲವು ತಪ್ಪುಗಳನ್ನು ತಿದ್ದುವಂತೆಯೇ ಇಲ್ಲ. ವೆಬ್ ಪುಟಗಳನ್ನು ತರಿಸುವ ಎಚ್‌ಟಿಟಿಪಿ 1.0 ನಿಯಮಗಳನ್ನು ವಿವರಿಸುವ, 1996ರಲ್ಲಿ ಬಂದ ‘ಆರ್‌ಎಫ್‌ಸಿ 1945’ ಎಂಬ ದಾಖಲೆಯಲ್ಲಿ, ಯಾವ ಪುಟದಿಂದ ಬಂದಿರಿ ಎಂದು ತಿಳಿಸುವ ‘ರೆಫರರ್’ ಹೆಡರ್ ಒಂದು ಆರ್ ಕಳೆದುಕೊಂಡೇ ಬಂತು. ಇಂದಿಗೂ ಬ್ರೌಸರ್‌ಗಳು ಹಾಗೇ ಕಳಿಸುತ್ತವೆ. ಆಮೇಲೆ ಬಂದ ರೆಫರರ್ ಪಾಲಿಸಿ ಹೆಡರ್‌ನಲ್ಲಿ ಸ್ಪೆಲಿಂಗ್ ಸರಿಯಿದೆ. ಎರಡೂ ಒಂದೇ ಫೈಲಿನಲ್ಲಿ ಅಕ್ಕಪಕ್ಕ ಬರುವುದುಂಟು. ಯುನಿಕ್ಸ್‌ನಲ್ಲಿ ಹೊಸ ಫೈಲ್ ಮಾಡಿಸುವ ‘ಕ್ರಿಯೇಟ್’ ಸಿಸ್ಟಂ ಕಾಲ್‌ನ ಹೆಸರಿಗೆ ಕೊನೆಯ ಇ ಇಲ್ಲ. ಇಂಥವುಗಳಿಗೆ ಮೇಲಿನ ಅಂತಸ್ತಿನಲ್ಲಿ, ಕಾರಣ ಬರೆದೇ ಜಾಗ ಕೊಡಬೇಕು.

ಇನ್ನು ಓಡಿಸುವುದು. ಕಮಿಟ್ ಮಾಡುವಾಗ ಬದಲಾದ ಫೈಲ್‌ಗಳನ್ನು ಮಾತ್ರ ನೋಡಲಿ, ಬದಲಾವಣೆ ಬಂದಾಗಲೆಲ್ಲ ಸರ್ವರ್‌ನಲ್ಲಿ ತಾನಾಗಿ ಬಿಲ್ಡ್ ಓಡಿಸುವ ಸಿಐನಲ್ಲಿ ಪೂರ್ತಿ ನೋಡಲಿ. ಟೂಲ್‌ನ ಜೊತೆಗೆ ಅದರ ನಿಘಂಟಿನ ಪ್ಯಾಕೇಜ್‌ಗಳ ಆವೃತ್ತಿಯನ್ನೂ ಬಿಗಿಮಾಡಿ. ಇಲ್ಲದಿದ್ದರೆ ಯಾರೂ ಕೋಡ್ ಮುಟ್ಟದ ದಿನವೂ ಬಿಲ್ಡ್ ಕೆಂಪಾಗಬಹುದು.

ನಿಮ್ಮ ಸ್ವಂತ ಪ್ಯಾಕೇಜಿಗೂ ಇದೇ ಮಾತು. ಪದ ಸೇರಿಸಿದರೆ ಯಾರ ಬಿಲ್ಡೂ ಮುರಿಯದು, ಚಿಕ್ಕ ಆವೃತ್ತಿ ಸಾಕು. ಪದ ತೆಗೆದರೆ ಅಥವಾ ನಿಷೇಧಿತ ಪದವೊಂದನ್ನು (ಕಂಡಲ್ಲೆಲ್ಲ ತಪ್ಪೆಂದೇ ತೋರಿಸಬೇಕಾದ ಪದವನ್ನು) ಹೊಸದಾಗಿ ಸೇರಿಸಿದರೆ ಬೇರೆಯವರ ಬಿಲ್ಡ್ ಮುರಿಯುತ್ತದೆ. ಅದು ದೊಡ್ಡ ಆವೃತ್ತಿ, ಮೊದಲೇ ತಿಳಿಸಿ ಮಾಡಬೇಕಾದ ಕೆಲಸ. ಮೊದಲು ಹೇಳಿದೆನಲ್ಲ, ಆ ತಂಡದ ಪಟ್ಟಿಯಿಂದ ತಪ್ಪು ಪದಗಳನ್ನು ತೆಗೆದದ್ದೂ ಹೀಗೆಯೇ: ಪ್ರತಿ ಪ್ರಾಜೆಕ್ಟಿನಲ್ಲೂ ಹುಡುಕಿ ತಿದ್ದಿ, ಕೊನೆಗೆ ಪಟ್ಟಿಯಿಂದ ಅಳಿಸಿ. ಆ ಪಟ್ಟಿಗೆ ಈಗ ಇಬ್ಬರು ಹೊಣೆಗಾರರಿದ್ದಾರೆ. ಅವರಲ್ಲಿ ಒಬ್ಬರಾದರೂ ಒಪ್ಪದೆ ಹೊಸ ಪದ ಒಳಗೆ ಬರುವುದಿಲ್ಲ. ಕೋಡಿನಲ್ಲಿ ಎಲ್ಲೂ ಉಳಿದಿಲ್ಲದ ಪದಗಳನ್ನು ಮೂರು ತಿಂಗಳಿಗೊಮ್ಮೆ ಒಂದು ಚಿಕ್ಕ ಸ್ಕ್ರಿಪ್ಟ್ ಹುಡುಕಿ ಕೊಡುತ್ತದೆ, ಅವರು ಕೂತು ಅಳಿಸುತ್ತಾರೆ.