ಮಾಡೆಲ್ ಕಾರಿನಲ್ಲಿ ಹಿತ್ತಾಳೆ ಮತ್ತು ಚಿನ್ನದ ಹೊಳಪು: ಮೊದಲು ಕನ್ನಡಿ, ಆಮೇಲೆ ಹಳದಿ

ಚಿನ್ನದ ಬಣ್ಣದ ಡಬ್ಬಿ ತಂದು ಬ್ರಷ್‌ನಿಂದ ಬಳಿದರೆ ಮಿನುಗುವ ಹಳದಿ ಪ್ಲಾಸ್ಟಿಕ್ ಸಿಗುತ್ತದೆ, ಲೋಹ ಸಿಗುವುದಿಲ್ಲ. ಚಿನ್ನ, ಹಿತ್ತಾಳೆ ಎರಡೂ ಬೆಳಕಿನ ನೀಲಿ ಭಾಗವನ್ನು ಒಂದಿಷ್ಟು ನುಂಗಿಕೊಂಡು, ಉಳಿದದ್ದನ್ನು ಕನ್ನಡಿಯ ಹಾಗೆ ವಾಪಸ್ ಕಳಿಸುತ್ತವೆ. ನಾವೂ ಅದೇ ಕ್ರಮದಲ್ಲಿ ಹೋಗಬೇಕು. ಮೊದಲು ಬೆಳ್ಳಗೆ ಹೊಳೆಯುವ ಮೇಲ್ಮೈ, ಆಮೇಲೆ ಅದರ ಮೇಲೆ ಪಾರದರ್ಶಕ ಹಳದಿ.

ಅದಕ್ಕೂ ಮೊದಲು ಅಸಲಿ ಕಾರಿನ ಫೋಟೊ ನೋಡಿ. ನೀವು ಬಣ್ಣ ಹಾಕಲಿರುವ ಭಾಗ ಅಲ್ಲಿ ಹಳದಿಯಾಗಿರುವುದು ಯಾಕೆ ಅಂತ ಕೇಳಿಕೊಳ್ಳಿ. ಕಾರುಗಳ ಆರಂಭದ ಕಾಲದಲ್ಲಿ ದೀಪ, ಹಾರ್ನ್, ರೇಡಿಯೇಟರ್ ನಿಜವಾದ ಹಿತ್ತಾಳೆಯವೇ. ಫೋರ್ಡ್ ಮಾಡೆಲ್ ಟಿಗೆ 1916ರ ಮಾದರಿಯವರೆಗೂ ಹಿತ್ತಾಳೆ ರೇಡಿಯೇಟರ್ ಇತ್ತು, 1917ರ ಮಾದರಿಗೆ ಕಪ್ಪು ಬಣ್ಣದ ಕವಚ ಬಂತು. ಹಾಗಾಗಿ ಮಾದರಿಯ ವರ್ಷ ನೋಡದೆ ಕೈ ಹಾಕಬೇಡಿ. ಮೆಕ್ಲಾರೆನ್ ಎಫ್1 ಕಾರಿನ ಎಂಜಿನ್ ಕೋಣೆಯ ಒಳಗೆ ಇರುವುದು ಅಸಲಿ ಚಿನ್ನದ ಹಾಳೆ, ಶಾಖವನ್ನು ಹಿಂದಕ್ಕೆ ತಳ್ಳಲಿಕ್ಕೆ. ಸುಬಾರು ಇಂಪ್ರೆಝಾ ರ‍್ಯಾಲಿ ಕಾರಿನ ಚಕ್ರ ಬರೀ ಚಿನ್ನದ ಬಣ್ಣದ ಪೇಂಟ್. ಅದಕ್ಕೆ ಕನ್ನಡಿ ಹೊಳಪು ಕೊಟ್ಟರೆ ಸುಳ್ಳಾಗಿ ಕಾಣುತ್ತದೆ, ಒಳ್ಳೆಯ ಮೆಟಾಲಿಕ್ ಸ್ಪ್ರೇ ಸಾಕು.

ಕನ್ನಡಿ ಮಾಡುವ ಕೆಲಸ

ಮಾಡೆಲ್ ಜೋಡಿಸುವ ಪ್ಲಾಸ್ಟಿಕ್ ಕಿಟ್‌ನಲ್ಲೇ ಕ್ರೋಮ್ ಲೇಪದ, ಅಂದರೆ ಬೆಳ್ಳಿಯಂತೆ ಹೊಳೆಯುವ, ಭಾಗಗಳು ಬಂದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಆ ಕ್ರೋಮ್ ಮೇಲೆ ನೇರವಾಗಿ ಟಮಿಯಾ ಕಂಪನಿಯ ಪಾರದರ್ಶಕ ಹಳದಿ, ಅಂದರೆ ಎಕ್ಸ್-24 ಕ್ಲಿಯರ್ ಯೆಲ್ಲೋ, ಹಾಕಬಹುದು. ಆದರೆ ಅಚ್ಚಿನ ಗೆರೆ ಕಾಣುತ್ತಿದ್ದರೆ ಅದನ್ನು ಉಜ್ಜಲೇಬೇಕು, ಉಜ್ಜಿದರೆ ಕ್ರೋಮ್ ಹೋಗುತ್ತದೆ. ಆಗ ಪೂರ್ತಿ ಲೇಪ ತೆಗೆದು ಹೊಸದಾಗಿ ಶುರು ಮಾಡುವುದೇ ವಾಸಿ.

ಹೊಸದಾಗಿ ಮಾಡುವಾಗ ಶ್ರಮವೆಲ್ಲ ತಳದಲ್ಲಿ ಇರಲಿ. ಸ್ಯಾಂಡ್‌ಪೇಪರ್‌ನಲ್ಲಿ 1000 ನಂಬರಿನಿಂದ ಶುರು ಮಾಡಿ ಇನ್ನೂ ನುಣುಪಾದ 2000ದವರೆಗೆ ನೀರು ಹಾಕಿ ತಿಕ್ಕಿ. ಆಮೇಲೆ ಬಣ್ಣ ಹಿಡಿಯಲು ಬಳಿಯುವ ಪ್ರೈಮರ್, ಅದರ ಮೇಲೆ ಹೊಳೆಯುವ ಕಪ್ಪು. ಒಣಗಿದ ಕಪ್ಪಿನಲ್ಲಿ ಮೇಲಿನ ದೀಪದ ಅಂಚು ಚೂಪಾಗಿ ಕಾಣಬೇಕು. ಮಸುಕಾಗಿ ಕಂಡರೆ ಮುಂದೆ ಹೋಗಬೇಡಿ. ಮೇಲೆ ಬರುವ ಲೋಹದ ಪದರ ತುಂಬಾ ತೆಳು, ಕೆಳಗಿನ ಒಂದು ಗೀರನ್ನೂ ಅದು ಮುಚ್ಚುವುದಿಲ್ಲ. ಆಲ್‌ಕ್ಲಾಡ್ ಬ್ರ್ಯಾಂಡಿನ ಕ್ರೋಮ್‌ನಂಥ ಲ್ಯಾಕರ್, ಅಂದರೆ ಬೇಗ ಒಣಗುವ ಲೋಹದ ಬಣ್ಣವನ್ನು, ಗಾಳಿಯಿಂದ ಬಣ್ಣ ಊದುವ ಏರ್‌ಬ್ರಷ್‌ನಲ್ಲಿ 12ರಿಂದ 15 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಒತ್ತಡದಲ್ಲಿ, ಮಂಜಿನಷ್ಟು ತೆಳುವಾಗಿ ಹಾಕಿ. ಕಪ್ಪು ಇನ್ನೂ ಸ್ವಲ್ಪ ಇಣುಕುತ್ತಿರುವಾಗಲೇ ನಿಲ್ಲಿಸಿ. ಜಾಸ್ತಿ ಹಾಕಿದರೆ ಹೊಳಪು ಹೋಗಿ ಬೂದು ಬಣ್ಣ ಉಳಿಯುತ್ತದೆ.

ಲ್ಯಾಕರ್ ಬಗ್ಗೆ ಇಷ್ಟು ಹೇಳುವುದಕ್ಕೆ ಒಂದು ಲೆಕ್ಕ ಇದೆ. ಲೋಹದ ಬಣ್ಣ ಅಂದರೆ ಲೋಹದ ಸಣ್ಣ ಸಣ್ಣ ಚೂರುಗಳು, ಇಂಥ ಲ್ಯಾಕರ್‌ನಲ್ಲಿ ಅವು ತೀರಾ ನುಣ್ಣಗಿರುತ್ತವೆ. 1/24 ಅಳತೆಯಲ್ಲಿ, ಅಂದರೆ ಅಸಲಿಗಿಂತ 24 ಪಟ್ಟು ಚಿಕ್ಕ ಮಾಡೆಲ್‌ನಲ್ಲಿ, 0.05 ಮಿಲಿಮೀಟರ್ ಚೂರು ಅಸಲಿ ಕಾರಿನಲ್ಲಿ 1.2 ಮಿಲಿಮೀಟರ್‌ಗೆ ಸಮ. ಅಷ್ಟು ದಪ್ಪ ಕಾಳು ಯಾವ ಹಿತ್ತಾಳೆ ದೀಪದ ಮೇಲೆ ಕಾಣುತ್ತದೆ ಹೇಳಿ? ದೊಡ್ಡ ಚೂರಿನ ಬಣ್ಣ ಆಟಿಕೆಯಂತೆ ಕಾಣುವುದು ಇದೇ ಕಾರಣಕ್ಕೆ.

ಹಳದಿಯ ಹದ

ಚಿನ್ನಕ್ಕೆ ಬೆಚ್ಚಗಿನ ಹಳದಿ ಬೇಕು. ಹತ್ತು ತೊಟ್ಟು ಕ್ಲಿಯರ್ ಯೆಲ್ಲೋಗೆ ಒಂದು ತೊಟ್ಟು ಕ್ಲಿಯರ್ ಆರೆಂಜ್, ಅಂದರೆ ಎಕ್ಸ್-26, ಸೇರಿಸಿ ಶುರು ಮಾಡಿ. ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಣ. ಸತು ಇರುವುದರಿಂದ ಅದರ ಹಳದಿ ನಿಂಬೆಯ ಕಡೆಗೆ ವಾಲುತ್ತದೆ, ಚಿನ್ನಕ್ಕಿಂತ ತಣ್ಣಗಿರುತ್ತದೆ. ಅದಕ್ಕೆ ಆರೆಂಜ್ ಬೇಡ. ಬರೀ ಹಳದಿ, ಜೊತೆಗೆ ಎಕ್ಸ್-19 ಸ್ಮೋಕ್, ಅಂದರೆ ಹೊಗೆಯಂಥ ಪಾರದರ್ಶಕ ಕಪ್ಪು ಬಣ್ಣ, ಒಂದು ಚೂರು. ನನ್ನ ಪ್ರಕಾರ ಹಿತ್ತಾಳೆಯನ್ನು ಹಿತ್ತಾಳೆ ಮಾಡುವುದೇ ಆ ಸ್ಮೋಕ್. ಅದಿಲ್ಲದಿದ್ದರೆ ಒಡವೆಯ ಥರ ಕಾಣುತ್ತದೆ. ಎರಡನ್ನೂ ತೆಳುವಾಗಿ, ಪದರ ಪದರವಾಗಿ ಹಾಕಿ. ಪಾರದರ್ಶಕ ಬಣ್ಣ ಒಂದೇ ಸಲ ದಪ್ಪಗೆ ಬಿದ್ದರೆ ಮೂಲೆಗಳಲ್ಲಿ ಕೂತು ಕಿತ್ತಳೆ ಕಲೆಯಾಗುತ್ತದೆ. ಒಂದು ಹಳೆಯ ಚಮಚದ ಹಿಂಬದಿಯಲ್ಲಿ ಮೊದಲು ಪರೀಕ್ಷಿಸಿ. ಬಾಗಿದ ಮೇಲ್ಮೈ ಅಲ್ವಾ, ದೀಪದ ಮೇಲೆ ಹೇಗೆ ಕಾಣುತ್ತದೆ ಅಂತ ಸರಿಯಾಗಿ ಗೊತ್ತಾಗುತ್ತದೆ.

ಡಬ್ಬಿಯಲ್ಲಿ ಬರುವ ಚಿನ್ನದ ಬಣ್ಣವನ್ನೇ ಬಳಸುವವರು ಒಂದು ವಿಷಯ ನೆನಪಿಡಿ. ಎಷ್ಟೋ ಚಿನ್ನದ ಬಣ್ಣಗಳಲ್ಲಿ ಇರುವುದು ತಾಮ್ರ-ಸತುವಿನ ಪುಡಿ. ಗಾಳಿ ತಾಗಿದರೆ ಅದು ವರ್ಷಗಳಲ್ಲಿ ಕಂದಾಗುತ್ತದೆ. ಅದರ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಹೊದಿಕೆ, ಇರಲಿ. ಕ್ಲಿಯರ್ ಹಾಕಿದಾಗ ಹೊಳಪು ಒಂದು ಮೆಟ್ಟಿಲು ಇಳಿಯುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಕ್ರೋಮ್ ಮೇಲೆ ಹಳದಿ ಹಾಕುವ ದಾರಿಯಲ್ಲಿ ಆ ಹಳದಿಯೇ ಹೊದಿಕೆ. ಆ ದಾರಿ ನನಗೆ ಇಷ್ಟವಾಗಲು ಇದೂ ಒಂದು ಕಾರಣ.

ಫೋಟೋ-ಎಚ್ ಭಾಗ, ಅಂದರೆ ತೆಳು ಲೋಹದ ಹಾಳೆಯನ್ನು ರಾಸಾಯನಿಕದಿಂದ ಕೊರೆದು ಮಾಡಿದ ಭಾಗ, ಹಿತ್ತಾಳೆಯದೇ ಆಗಿದ್ದರೆ ಬಣ್ಣವೇ ಬೇಡ. ತಿಕ್ಕಿ, ಎಣ್ಣೆಯ ಅಂಶ ಒರೆಸಿ, ಕ್ಲಿಯರ್ ಲ್ಯಾಕರ್ ಹಾಕಿ. ಆಮೇಲೆ ಬೆರಳು ತಾಗಿಸಬೇಡಿ.

ಹಳತನ ಬೇಕೆಂದರೆ ಮಿತವಾಗಿರಲಿ. ದಿನಾ ಉಜ್ಜುತ್ತಿದ್ದ ದೀಪದಲ್ಲಿ ಉಬ್ಬಿದ ಜಾಗ ಹೊಳೆಯುತ್ತದೆ, ಬಟ್ಟೆ ಹೋಗದ ಸಂದಿ ಕಂದಾಗಿರುತ್ತದೆ. ತೆಳು ಮಾಡಿದ ಕಂದು ಎಣ್ಣೆಬಣ್ಣವನ್ನು ರಿವೆಟ್‌ಗಳ ಸುತ್ತ, ಗಾಜಿನ ಚೌಕಟ್ಟಿನ ಒಳಅಂಚಿಗೆ ಮಾತ್ರ ಬಿಡಿ. ಅಸಿಟಿಲೀನ್ ಅನಿಲ ಉರಿಸುವ ಹಳೆಯ ದೀಪವಾದರೆ ಮೇಲಿನ ಹೊಗೆಕಿಂಡಿಯ ಹತ್ತಿರ ಸ್ವಲ್ಪ ಜಾಸ್ತಿ, ಅಲ್ಲಿ ಶಾಖ ತಾಗುತ್ತಿತ್ತು. ಹಸಿರು ಕಿಲುಬು ಶೆಡ್‌ನಲ್ಲಿ ಕೊಳೆತ ಕಾರಿಗೆ ಮಾತ್ರ.

ಇನ್ನು ಎಷ್ಟೋ ಕಾರುಗಳ ಎಂಜಿನ್ ಕೋಣೆಯಲ್ಲಿ ಕಾಣುವ ಹಳದಿ ಬ್ರೇಕ್ ಬೂಸ್ಟರ್, ಅಂದರೆ ಬ್ರೇಕ್ ಒತ್ತಲು ನೆರವಾಗುವ ಡಬ್ಬಿಯಂಥ ಭಾಗ. ಅದು ಚಿನ್ನವೂ ಅಲ್ಲ, ಹಿತ್ತಾಳೆಯೂ ಅಲ್ಲ. ಸತುವಿನ ಲೇಪದ ಮೇಲೆ ತುಕ್ಕು ತಡೆಯುವ ಹಳದಿ ಕ್ರೋಮೇಟ್ ಪದರ. ಹತ್ತಿರದಿಂದ ನೋಡಿದರೆ ಹಳದಿಯ ಒಳಗೆ ಗುಲಾಬಿ, ಹಸಿರು ಛಾಯೆ ಓಡಾಡುತ್ತವೆ. ಸಾದಾ ಬೆಳ್ಳಿ ಬಣ್ಣದ ಮೇಲೆ ಕ್ಲಿಯರ್ ಯೆಲ್ಲೋ ಹಾಕಿ, ಅದು ಒಣಗಿದ ಮೇಲೆ ತುಂಬಾ ತೆಳುವಾದ ಕ್ಲಿಯರ್ ರೆಡ್ ಮತ್ತು ಕ್ಲಿಯರ್ ಗ್ರೀನ್ ಅನ್ನು ಅಲ್ಲೊಂದು ಇಲ್ಲೊಂದು ಮಚ್ಚೆಯಂತೆ ಊದಿ. ಎರಡು ಮಚ್ಚೆಗಳ ಅಂಚು ಒಂದರ ಮೇಲೊಂದು ಬೀಳದಂತೆ ನೋಡಿಕೊಳ್ಳಿ, ಬಿದ್ದಲ್ಲಿ ಕೊಳಕು ಕಂದು ಬರುತ್ತದೆ.