ಕಾಲ್ಗುಣ ಸೊಸೆಯದಲ್ಲ, ಶಿಲೀಂಧ್ರದ್ದು

ಶಿಡ್ಲಘಟ್ಟದ ಸುತ್ತಮುತ್ತ ರೇಷ್ಮೆ ಹುಳು ಸಾಕುವ ಮನೆಗಳಲ್ಲಿ, ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳುವಿಗೆ ಸುಣ್ಣಕಟ್ಟು ರೋಗ ಬಂದು ಬೆಳೆ ಪೂರ್ತಿ ಹೋದರೆ, ಆ ವರ್ಷ ಮನೆ ತುಂಬಿದ ಸೊಸೆಯ ಕಡೆ ಕಣ್ಣು ತಿರುಗುವುದು ಇಂದಿಗೂ ಉಂಟು. ಸುಣ್ಣಕಟ್ಟಿಗೆ ಕಾರಣ ಬ್ಯೂವೇರಿಯಾ ಎಂಬ ಶಿಲೀಂಧ್ರ. ತಂಪೂ ತೇವವೂ ಸೇರಿದ ದಿನಗಳಲ್ಲಿ ಅದು ಹಬ್ಬುತ್ತದೆ, ಹುಳುವಿನ ಚರ್ಮ ತೂರಿ ಒಳಹೊಗುತ್ತದೆ. ಸತ್ತ ಹುಳು ಬೆಳ್ಳಗೆ ಗಟ್ಟಿಯಾಗಿ ಬಿದ್ದಿರುತ್ತದೆ. ಇಷ್ಟು ಹೇಳಿದರೆ ಹಿರಿಯರು ತಲೆದೂಗುತ್ತಾರೆ. ಆದರೆ ಮುಂದಿನ ತಿಂಗಳು ಮಗ ಕುಡಿದು ಬಂದಾಗ, ಮೊಮ್ಮಗ ಸ್ಕೂಲಿಗೆ ಹೋಗಲ್ಲ ಎಂದು ಹಟ ಹಿಡಿದಾಗ ಮತ್ತೆ ಅದೇ ಪ್ರಶ್ನೆ: ಯಾರಿಂದ? ಮೂಲಾ ನಕ್ಷತ್ರವೋ, ತಪ್ಪು ದಿಕ್ಕಿನ ಬಾಗಿಲೋ, ಯಾರೋ ಮಾಡಿಸಿದ್ದೋ. ಈ ಉತ್ತರಗಳನ್ನಾದರೂ ಸಹಿಸಬಹುದು. ನನಗೆ ತಡೆಯಲಾಗದ್ದು ಆ ಪ್ರಶ್ನೆ.

ವಿಜ್ಞಾನವೂ ಬಹಳ ಕಾಲ ಅದೇ ಪ್ರಶ್ನೆ ಕೇಳುತ್ತಾ ಕೂತಿತ್ತು ಎನ್ನುವುದು ಮಾತ್ರ ಮುಜುಗರದ ಸಂಗತಿ. 1948ರಲ್ಲಿ ಮನೋವೈದ್ಯೆ ಫ್ರೀಡಾ ಫ್ರಾಮ್-ರೈಖ್‌ಮನ್ ‘ಸ್ಕಿಜೋಫ್ರೀನಿಯಾ ಹುಟ್ಟಿಸುವ ತಾಯಿ’ ಎಂಬ ಕಲ್ಪನೆ ಮುಂದಿಟ್ಟರು (ಸ್ಕಿಜೋಫ್ರೀನಿಯಾ ಎಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಂಬಿಸುವ ತೀವ್ರ ಮಾನಸಿಕ ಕಾಯಿಲೆ). ಆಟಿಸಂಗೆ ಅಕ್ಕರೆಯಿಲ್ಲದ ಅಮ್ಮಂದಿರೇ ಕಾರಣ ಎಂಬ ಮಾತೂ ಅದೇ ಕಾಲದ್ದು. ಕಾಯಿಲೆ ಬಿದ್ದ ಮಗುವನ್ನು ನೋಡಿಕೊಳ್ಳುತ್ತಿದ್ದ ತಾಯಿಯ ತಲೆಗೇ ಅಪವಾದ ಕಟ್ಟಲಾಯಿತು. 1966ರಲ್ಲಿ ಲಿಯೊನಾರ್ಡ್ ಹೆಸ್ಟನ್ ಅಮೆರಿಕದ ಒರೆಗಾನ್‌ನಲ್ಲಿ, ಸ್ಕಿಜೋಫ್ರೀನಿಯಾ ಇದ್ದ ತಾಯಂದಿರಿಗೆ ಹುಟ್ಟಿ ಮೂರು ದಿನದೊಳಗೇ ಅವರಿಂದ ದೂರವಾದ 47 ಮಕ್ಕಳ ಮುಂದಿನ ಬದುಕನ್ನು ಹುಡುಕಿ ನೋಡಿದರು. 5 ಜನರಿಗೆ ಅದೇ ಕಾಯಿಲೆ ಬಂದಿತ್ತು. ಹೋಲಿಕೆಗೆ ಆರಿಸಿಕೊಂಡಿದ್ದ 50 ಮಂದಿಯಲ್ಲಿ ಒಬ್ಬರಿಗೂ ಇರಲಿಲ್ಲ. ದೂಷಿಸೋಣವೆಂದರೆ ಆ ಅಮ್ಮ ಮನೆಯಲ್ಲೇ ಇರಲಿಲ್ಲವಲ್ಲ!

ಪ್ರಶ್ನೆ ಬದಲಾದದ್ದು ಆಸ್ಪತ್ರೆಯಿಂದಲ್ಲ, ಯುದ್ಧದಿಂದ. ಎರಡನೇ ಮಹಾಯುದ್ಧದಲ್ಲಿ ವಿಮಾನ ಹೊಡೆಯುವ ಫಿರಂಗಿಗೆ ಗುರಿ ಹಿಡಿಸುವ ಲೆಕ್ಕಕ್ಕೆ ಕೂತಿದ್ದ ಗಣಿತಜ್ಞ ನಾರ್ಬರ್ಟ್ ವೀನರ್ ತಲೆಗೆ ಹೊಳೆದದ್ದು, ಯಂತ್ರವಿರಲಿ ಪ್ರಾಣಿಯಿರಲಿ, ತನ್ನ ಕೆಲಸದ ಫಲವನ್ನೇ ಮತ್ತೆ ತನಗೆ ಸುದ್ದಿಯಾಗಿ ಪಡೆದು ಸರಿಪಡಿಸಿಕೊಳ್ಳುತ್ತದೆ ಎಂಬುದು. 1946ರಿಂದ 1953ರವರೆಗೆ ಅಮೆರಿಕದ ಮೇಸಿ ಪ್ರತಿಷ್ಠಾನ ಕರೆದ ಸಮ್ಮೇಳನಗಳಲ್ಲಿ ಗಣಿತದವರು, ನರವಿಜ್ಞಾನಿಗಳು, ಮಾನವಶಾಸ್ತ್ರಜ್ಞರು ಒಟ್ಟಿಗೆ ಕೂತು ಇದನ್ನೇ ಚರ್ಚಿಸಿದರು. ಅಲ್ಲಿದ್ದ ಮಾನವಶಾಸ್ತ್ರಜ್ಞ ಗ್ರೆಗರಿ ಬೇಟ್ಸನ್ ಆ ವಿಚಾರವನ್ನು ಮನೆಯೊಳಗೆ ತಂದರು. ಸ್ಕಿಜೋಫ್ರೀನಿಯಾಕ್ಕೆ ಅವರ ತಂಡ 1956ರಲ್ಲಿ ಕೊಟ್ಟ ವಿವರಣೆ ನಿಲ್ಲಲಿಲ್ಲ, ಆದರೆ ಅವರು ನೋಡುತ್ತಿದ್ದ ರೀತಿ ಉಳಿಯಿತು. ಅದೇ ತಂಡದ ಡಾನ್ ಜಾಕ್ಸನ್, ರೋಗಿ ಸುಧಾರಿಸುತ್ತಿದ್ದಂತೆ ಮನೆಯಲ್ಲಿ ಇನ್ನೊಬ್ಬರು ಕುಸಿಯುವುದನ್ನು ಗಮನಿಸಿ, 1957ರಲ್ಲಿ ಕುಟುಂಬಕ್ಕೆ ತನ್ನದೇ ಸಮತೋಲದ ಮಟ್ಟ ಇದೆ ಎಂದರು. ತಾರಸಿಯ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡು ನೀರು ಏರಿದರೆ ತಾನೇ ಎದ್ದು ವಾಲ್ವ್ ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆ. ಅಪ್ಪ ಅಮ್ಮನ ಜಗಳ ಒಂದು ಮಟ್ಟ ಮೀರಿದಾಗಲೆಲ್ಲ ಮಗುವಿಗೆ ಹೊಟ್ಟೆನೋವು ಬರುವ ಮನೆಗಳಲ್ಲಿ ಆ ಚೆಂಡಿನ ಕೆಲಸ ಮಾಡುತ್ತಿರುವುದು ಮಗು. ಮಗು ನಾಟಕವಾಡುತ್ತಿಲ್ಲ, ನೋವು ನಿಜ. ಆದರೆ ನೋವು ಬಂದಾಗ ಜಗಳ ನಿಲ್ಲುತ್ತದೆ ಎಂಬುದೂ ನಿಜ.

ಈಗ ನನಗೆ ಬಹಳ ಇಷ್ಟವಾದ ಕೆಲಸಕ್ಕೆ ಬರುತ್ತೇನೆ. ಒರೆಗಾನ್‌ನಲ್ಲೇ ಕೆಲಸ ಮಾಡಿದ ಮನೋವಿಜ್ಞಾನಿ ಜೆರಾಲ್ಡ್ ಪ್ಯಾಟರ್ಸನ್ ಮತ್ತು ಸಂಗಡಿಗರು ಹಟಮಾರಿ, ಹೊಡೆದಾಡುವ ಮಕ್ಕಳಿರುವ ಮನೆಗಳಿಗೆ ಪೆನ್ನು ಹಾಳೆ ಹಿಡಿದು ಹೋಗಿ ಕೂತರು. ಮನೆಯವರ ಅಭಿಪ್ರಾಯವನ್ನಷ್ಟೇ ನೆಚ್ಚಿಕೊಳ್ಳಲಿಲ್ಲ. ಪ್ರತಿ ಆರು ಸೆಕೆಂಡಿಗೆ ಯಾರು ಏನು ಮಾಡಿದರು, ಎದುರಿನವರು ಏನು ಮಾಡಿದರು ಎಂದು ಸಂಕೇತಗಳಲ್ಲಿ ಬರೆದುಕೊಂಡರು: ಆಜ್ಞೆ, ಅಳು, ಗದರಿಕೆ, ನಗು, ಕೇಳಿಸದ ಹಾಗೆ ಇರುವುದು. ಮನೆಯವರಿಗೆ ನಿಯಮವಿತ್ತು: ಎಲ್ಲರೂ ಇರಬೇಕು, ಎರಡು ಕೋಣೆಗಳಿಂದ ಆಚೆ ಹೋಗಬಾರದು, ಟಿ.ವಿ. ಹಾಕಬಾರದು, ನೆಂಟರು ಬರಬಾರದು. (ಈ ಕೊನೆಯ ನಿಯಮವನ್ನು ಮುಳಬಾಗಿಲಿನ ಯಾವುದಾದರೂ ಬೀದಿಯಲ್ಲಿ ಒಂದು ಗಂಟೆ ಪಾಲಿಸಿ ತೋರಿಸಿದರೆ ಸನ್ಮಾನ ಮಾಡಬಹುದು.)

ಆ ಹಾಳೆಗಳಲ್ಲಿ ಕಂಡದ್ದನ್ನು ನಮ್ಮ ಮನೆಗಳಿಗೆ ಇಳಿಸಿ ಹೇಳುತ್ತೇನೆ. “ಫೋನ್ ಇಟ್ಟು ಊಟಕ್ಕೆ ಬಾರೋ” ಅಂತಾಳೆ ಅಮ್ಮ. “ಇರಮ್ಮಾ” ಅಂತಾನೆ ಹುಡುಗ. ಅವಳ ದನಿ ಏರುತ್ತದೆ, ಅವನದ್ದು ಇನ್ನೂ ಏರುತ್ತದೆ, ತಟ್ಟೆ ಸದ್ದು ಮಾಡುತ್ತದೆ, ಅಮ್ಮ ಸೋತು “ಏನಾದ್ರೂ ಮಾಡ್ಕೊಂಡು ಸಾಯಿ” ಎಂದು ಒಳಗೆ ಹೋಗುತ್ತಾಳೆ. ಈ ಕ್ಷಣವನ್ನು ನಿಧಾನವಾಗಿ ನೋಡಬೇಕು. ಅಮ್ಮ ಬಿಟ್ಟುಕೊಟ್ಟ ಕೂಡಲೇ ಹುಡುಗನ ಕಿರುಚಾಟ ನಿಂತಿತು; ಅವಳಿಗೆ ನೆಮ್ಮದಿ ಸಿಕ್ಕಿತು, ಹಾಗಾಗಿ ಬಿಟ್ಟುಕೊಡುವುದನ್ನು ಅವಳು ಕಲಿತಳು. ಕಿರುಚಿದ ಕೂಡಲೇ ಅಮ್ಮನ ಕಾಟ ತಪ್ಪಿತು. ಹಾಗಾಗಿ ಅವನು ಕಿರುಚುವುದನ್ನು ಕಲಿತ. ಇಬ್ಬರಿಗೂ ಸಿಕ್ಕಿದ್ದು ಕಿರಿಕಿರಿ ನಿಂತ ಸುಖ ಮಾತ್ರ, ಆದರೆ ಕಲಿಕೆಗೆ ಅಷ್ಟೇ ಸಾಕು. ಮರುದಿನ ಅವಳು ಇನ್ನಷ್ಟು ಜೋರಾಗಿ ಶುರುಮಾಡುತ್ತಾಳೆ, ಅವನು ಇನ್ನಷ್ಟು ಬೇಗ ಸಿಡಿಯುತ್ತಾನೆ. ಎಂದಾದರೂ ಒಮ್ಮೆ ಅವಳು ಎರಡು ಬಿಟ್ಟು ಗೆದ್ದರೆ, ಹೊಡೆತಕ್ಕೂ ಅದೇ ಬಹುಮಾನ. ಅಮ್ಮನನ್ನು ಕೇಳಿ, “ಇವನು ಮಾತು ಕೇಳಲ್ಲ, ಅದಕ್ಕೇ ಬೈತೀನಿ.” ಹುಡುಗನನ್ನು ಕೇಳಿ, “ಅಮ್ಮ ಯಾವಾಗ್ಲೂ ಬೈತಾಳೆ, ಅದಕ್ಕೇ ಕೇಳಲ್ಲ.” ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಅಜ್ಜಿ ತಾಯಿತ ಕಟ್ಟಿಸಿ ತರುವ ಹೊತ್ತಿಗೆ ಈ ಸುತ್ತು ಎಷ್ಟೋ ಬಾರಿ ತಿರುಗಿರುತ್ತದೆ. ಪ್ಯಾಟರ್ಸನ್ ತಂಡ ಇದರಿಂದ ತಂದೆತಾಯಿಯರಿಗೆ ತರಬೇತಿಯನ್ನೇ ರೂಪಿಸಿತು: ಕಡಿಮೆ ಆಜ್ಞೆ, ತಣ್ಣನೆಯ ದನಿ, ಹೇಳಿದ್ದನ್ನು ಬಿಟ್ಟುಕೊಡದಿರುವುದು, ಮಗು ಮಾತು ಕೇಳಿದಾಗ ಗಮನಿಸಿ ಮೆಚ್ಚುವುದು.

ಎರಡು ಜನರ ಲೆಕ್ಕವೇ ಇಷ್ಟು. ಐದು ಜನರ ಮನೆಗೆ ಸೊಸೆ ಬಂದಳೆನ್ನಿ. ರೇಷನ್ ಕಾರ್ಡಿನಲ್ಲಿ ಹೆಚ್ಚುವುದು ಒಂದು ಹೆಸರು. ಆದರೆ ಇಬ್ಬಿಬ್ಬರ ಜೋಡಿಗಳು 10 ಇದ್ದದ್ದು 15 ಆಗುತ್ತವೆ. ಮೂವರ ಕೂಟಗಳು 10 ಇದ್ದದ್ದು 20 ಆಗುತ್ತವೆ. ಮೂವರ ಲೆಕ್ಕ ಯಾಕೆ ಬೇಕು? 1954ರಿಂದ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಕೆಲಸ ಮಾಡಿದ ಮನೋವೈದ್ಯ ಮರ್ರೆ ಬೋವೆನ್, ಇಡೀ ಕುಟುಂಬಗಳನ್ನೇ ವಾರ್ಡಿನಲ್ಲಿ ಇಟ್ಟುಕೊಂಡು ಕಂಡದ್ದು ಇದನ್ನೇ: ಇಬ್ಬರ ನಡುವೆ ಬಿಗಿ ಹೆಚ್ಚಾದರೆ ಮೂರನೆಯವರನ್ನು ಎಳೆದುಕೊಳ್ಳುತ್ತಾರೆ. ಸೊಸೆ ಬಂದ ಮೇಲೆ ಮನೆ ಮೊದಲಿನ ಹಾಗಿಲ್ಲ ಎನ್ನುವ ಅತ್ತೆಯ ಮಾತು ಗಣಿತದ ಪ್ರಕಾರ ಸರಿ. ಅದಕ್ಕೆ ಸೊಸೆಯ ಗುಣ ಬೇಕಾಗಿಲ್ಲ, ಸೊಸೆ ಬಂದರೆ ಸಾಕು. ಇನ್ನು ನಮ್ಮ ಕಡೆ ಅಕ್ಕನ ಮಗಳನ್ನೇ ತಂದುಕೊಂಡ ಮನೆಗಳಲ್ಲಿ ಅತ್ತೆಯೇ ಅಜ್ಜಿ. ವಂಶದ ನಕ್ಷೆ ಬರೆಯುವವರು ಒಂದೇ ಹೆಣ್ಣಿನ ಕಡೆಗೆ ಎರಡು ದಾರಿಯಿಂದ ಗೆರೆ ಎಳೆಯಬೇಕು.

ಹೊರಗಿನ ಹೊಡೆತವನ್ನೂ ಹೀಗೇ ಅಳೆಯುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಗಂಡ ದೂರವಾಗಿ ಮತ್ತೆ ಮರಳಿದ ಅಮೆರಿಕದ ಅಯೋವಾದ 135 ಕುಟುಂಬಗಳನ್ನು ಅಭ್ಯಾಸ ಮಾಡಿದ ಸಮಾಜಶಾಸ್ತ್ರಜ್ಞ ರೂಬೆನ್ ಹಿಲ್, 1949ರಲ್ಲಿ ಹೇಳಿದ್ದು: ಘಟನೆಯೊಂದೇ ಮನೆ ಮುರಿಯುವುದಿಲ್ಲ, ಕೈಯಲ್ಲಿರುವ ಆಸರೆ ಏನು, ಮನೆಯವರು ಅದನ್ನು ಹೇಗೆ ಅರ್ಥಮಾಡಿಕೊಂಡರು ಎಂಬುದೂ ಸೇರಬೇಕು. ಕೆಜಿಎಫ್ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಹಿಲ್ ಸೂತ್ರ ಹಿಡಿದು ನೋಡುವವರು ಅಪ್ಪನ ಕೆಲಸ ಹೋದದ್ದನ್ನಷ್ಟೇ ಬರೆದುಕೊಳ್ಳುವುದಿಲ್ಲ. ಮುಂಜಾನೆ ಮಾರಿಕುಪ್ಪಂನಿಂದ ಬೆಂಗಳೂರಿನ ರೈಲು ಹತ್ತುವವರು ಈಗ ಯಾರು, ಅವರ ಸಂಬಳ ಯಾರ ಕೈಗೆ ಬರುತ್ತದೆ, ಮಗಳು ದುಡಿಯುವುದನ್ನು ಅಪ್ಪ ಹೆಮ್ಮೆ ಎನ್ನುತ್ತಾನೋ ಅವಮಾನ ಎನ್ನುತ್ತಾನೋ, ಅದನ್ನೂ ಕೇಳುತ್ತಾರೆ.

ಲಂಡನ್ನಿನ ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ ಸ್ಕಿಜೋಫ್ರೀನಿಯಾದ ಪ್ರಶ್ನೆಯನ್ನೇ ತಿರುಗಿಸಿದರು. ಕಾಯಿಲೆ ಯಾರಿಂದ ಬಂತು ಎನ್ನುವುದನ್ನು ಬಿಟ್ಟು, ಆಸ್ಪತ್ರೆಯಿಂದ ಬಿಡುಗಡೆಯಾದವರಲ್ಲಿ ಯಾರಿಗೆ ಮರುಕಳಿಸುತ್ತದೆ ಎಂದು ಕೇಳಿದರು. ಕಟು ಟೀಕೆ, ಹಗೆತನ, ಉಸಿರುಗಟ್ಟಿಸುವಷ್ಟು ಕಾಳಜಿ ಹೆಚ್ಚಿದ್ದ ಮನೆಗಳಲ್ಲಿ ಮರುಕಳಿಕೆ ಹೆಚ್ಚು ಎಂದು ಅವರ ತಂಡ ತೋರಿಸಿತು. ಚಂಡೀಗಢದಲ್ಲಿ ಇದೇ ಅಳತೆ ಹಿಡಿದಾಗ ಅಂಥ ಮನೆಗಳು ಲಂಡನ್ನಿಗಿಂತ ಬಹಳ ಕಡಿಮೆ ಇದ್ದವು. ಅಮೃತಸರದಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲೇ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡಿದ್ದರು. ನಮ್ಮ ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ಸ್ಕಿಜೋಫ್ರೀನಿಯಾ ಇರುವವರನ್ನು ಊರಲ್ಲೇ ಗುರುತಿಸಿ, ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಹಿಂಬಾಲಿಸಿದೆ. ಮಾತ್ರೆ ಬೇಕೇ ಬೇಕು. ಅದನ್ನು ದಿನವೂ ನೆನಪಿಸಿ ಕೊಡುವವರು ಮನೆಯವರೇ.

ಒಂದು ಎಚ್ಚರಿಕೆ ಹೇಳದೆ ಇದನ್ನು ಮುಗಿಸಲಾಗದು. ಎಲ್ಲವೂ ಸುತ್ತು, ಯಾರದೂ ತಪ್ಪಲ್ಲ ಎನ್ನುವುದು ಕೇಳಲು ಚೆಂದ, ಹೆಂಡತಿಗೆ ಹೊಡೆಯುವ ಗಂಡನಿಗೆ ಇನ್ನೂ ಚೆಂದ. “ಅವಳು ಎದುರುತ್ತರ ಕೊಟ್ಟಳು, ಅದಕ್ಕೆ” ಎಂಬುದನ್ನು ಸುತ್ತಿನ ಅರ್ಧ ಎಂದು ಬರೆದುಕೊಂಡವನು ಸಂಶೋಧಕನಲ್ಲ. 1980ರ ದಶಕದಲ್ಲಿ ಸ್ತ್ರೀವಾದಿ ಚಿಕಿತ್ಸಕಿಯರು ಈ ಕ್ಷೇತ್ರವನ್ನು ಇದೇ ಮಾತಿಗೆ ತರಾಟೆಗೆ ತೆಗೆದುಕೊಂಡರು: ಸುತ್ತಿನಲ್ಲಿ ನಿಂತವರ ಬಲ ಸಮವಲ್ಲ. ಆದ್ದರಿಂದ ಮನೆಯ ಹಿಂಸೆಯನ್ನು ಅಳೆಯುವಾಗ ಇಡೀ ಕುಟುಂಬವನ್ನು ಒಟ್ಟಿಗೆ ಕೂರಿಸುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಈ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬ ಹೆಂಗಸಿಗೆ ಮಾತ್ರ ಕೇಳುತ್ತಾರೆ, ಅದೂ ಬೇರೆ ಯಾರೂ ಇಲ್ಲದಾಗ. ಅತ್ತೆ ಪಕ್ಕದಿಂದ ಏಳದಿದ್ದರೆ, ಗಂಡ ಬಾಗಿಲಲ್ಲೇ ನಿಂತಿದ್ದರೆ, ಆ ಭಾಗವನ್ನು ಕೇಳದೆ ಬಿಡಬೇಕು ಎಂಬುದು ನಿಯಮ.