ಪ್ರೇಕ್ಷಕ ಎಲ್ಲಿ ನಿಂತು ನೋಡುತ್ತಾನೆ: ‘ಘಟಶ್ರಾದ್ಧ’ವನ್ನು ಮುಂದಿಟ್ಟುಕೊಂಡು ಒಂದು ಅಧ್ಯಯನ ಟಿಪ್ಪಣಿ

ಚಿಂತನಶೀಲ ಚಲನಚಿತ್ರವೊಂದು ಉಳಿದವುಗಳಿಂದ ಬೇರೆಯಾಗಿ ನಿಲ್ಲುವುದು ಅದು ಎತ್ತಿಕೊಂಡ ಗಂಭೀರ ವಿಷಯದಿಂದ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ವಿಧವೆಯ ಗೋಳು, ಜಾತಿಯ ಕಟ್ಟುಪಾಡು, ಬಹಿಷ್ಕಾರಗಳನ್ನು ಕಣ್ಣೀರಿನ ಸರಕಾಗಿ ಬಳಸಿದ ಚಿತ್ರಗಳಿಗೇನೂ ಕೊರತೆಯಿಲ್ಲ. ಅದೇ ವಿಷಯವನ್ನು ಪ್ರೇಕ್ಷಕ ಎಲ್ಲಿ ನಿಂತು, ಎಷ್ಟನ್ನು ನೋಡಬೇಕೆಂದು ನಿರ್ದೇಶಕ ಗೊತ್ತುಪಡಿಸುವ ರೀತಿಯಲ್ಲಿ ನಿಜವಾದ ವ್ಯತ್ಯಾಸವಿದೆ. ಇದನ್ನು ಅರಿಯಲು ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ ‘ಘಟಶ್ರಾದ್ಧ’ (1977) ತಕ್ಕ ಪಠ್ಯ. ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ಈ ಕಪ್ಪು-ಬಿಳುಪು ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಕಥಾಚಿತ್ರವೆಂದು ರಾಷ್ಟ್ರಪ್ರಶಸ್ತಿ ಸಂದಿತು.

ಕಥೆಯ ಎಳೆ ಚಿಕ್ಕದು. ವೇದಪಾಠಕ್ಕೆಂದು ಉಡುಪರ ಮನೆಗೆ ಬಂದ ಹುಡುಗ ನಾಣಿಗೆ ಅವರ ವಿಧವೆ ಮಗಳು ಯಮುನಕ್ಕನೇ ಆಸರೆ. ಆಕೆ ಶಾಲಾ ಮಾಸ್ತರನಿಂದ ಗರ್ಭಿಣಿಯಾಗುತ್ತಾಳೆ, ಗುಟ್ಟು ರಟ್ಟಾಗುತ್ತದೆ, ಗರ್ಭಪಾತವಾಗುತ್ತದೆ; ಕಡೆಗೆ ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿ ಸಂಬಂಧ ಕಡಿದುಕೊಳ್ಳುತ್ತಾರೆ.

ಚಿತ್ರ ಬಹುಮಟ್ಟಿಗೆ ನಾಣಿಯ ಜೊತೆಯಲ್ಲೇ ಇರುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ಯಮುನಕ್ಕನಿಗೆ ಏನೋ ಆಗಿದೆ ಎಂಬುದು ಅವನಿಗೆ ಗೊತ್ತು, ಏನಾಗಿದೆ ಎಂಬುದು ಗೊತ್ತಿಲ್ಲ, ನಮಗೆ ಗೊತ್ತು. ಉದಾಹರಣೆಗೆ, ಸಾಯಲು ನಿರ್ಧರಿಸಿದ ಆಕೆ ಹಾವಿನ ಹುತ್ತಕ್ಕೆ ಕೈಯಿಡುವ ಸನ್ನಿವೇಶವನ್ನು ನೋಡಿ. ಸುಮ್ಮನೆ ಕಥೆಯಾಗಿ ಹೇಳಿದರೆ ಇದು ಅತಿನಾಟಕೀಯವೆನಿಸುವಂಥ ಘಟನೆಯೇ. ಆದರೆ ಹುಡುಗನಿಗೆ ಹಾವು ಕಚ್ಚೀತೆಂಬ ಭಯವಷ್ಟೇ ಇದ್ದರೆ, ಈ ಹೆಣ್ಣಿಗೆ ಊರಿಗಿಂತ ಹುತ್ತವೇ ಮೇಲೆನಿಸಿತೇ ಎಂಬ ಪ್ರಶ್ನೆ ನಮ್ಮಲ್ಲಿ ಏಳುತ್ತದೆ, ಮತ್ತು ಆ ಪ್ರಶ್ನೆಯನ್ನು ಯಾವ ಪಾತ್ರವೂ ಬಾಯಿಬಿಟ್ಟು ಕೇಳುವ ಅಗತ್ಯವೇ ಉಳಿಯುವುದಿಲ್ಲ. ಅವನ ಅರಿವಿಗೂ ನಮ್ಮ ಅರಿವಿಗೂ ನಡುವೆ ಇರುವ ಈ ಅಂತರದಲ್ಲೇ ಪ್ರೇಕ್ಷಕನ ಆಲೋಚನೆ ಕೆಲಸ ಮಾಡತೊಡಗುತ್ತದೆ.

ಶ್ರಾದ್ಧದ ವಿಧಿಯ ವಿಚಾರವೂ ಹೀಗೆಯೇ. ಮಂತ್ರ, ಮಡಕೆ, ಕ್ರಮ ಎಲ್ಲವೂ ಶಾಸ್ತ್ರಕ್ಕೆ ತಕ್ಕಂತೆ ನಡೆಯುತ್ತವೆ. ಮಾಡುವವರನ್ನು ರಾಕ್ಷಸರಂತೆ ತೋರಿಸಿದ್ದರೆ ನಮಗೆ ಅವರನ್ನು ಬೈದು ನಿರಾಳವಾಗುವ ಅವಕಾಶ ಸಿಗುತ್ತಿತ್ತು. ಇತ್ತ ಇಳಿವಯಸ್ಸಿನ ಉಡುಪರಿಗೆ ಎಳೆಯ ಹುಡುಗಿಯೊಡನೆ ಮರುಮದುವೆಯ ಮಾತು ನಡೆಯುತ್ತದೆ. ಇದರ ಮೇಲೂ ಚಿತ್ರ ಟೀಕೆ ಮಾಡುವುದಿಲ್ಲ. ಎರಡು ಸಂಗತಿಗಳನ್ನು ಒಂದರ ಪಕ್ಕ ಒಂದಿಟ್ಟು ತಾನು ಹಿಂದೆ ಸರಿಯುತ್ತದೆ.

ಈ ಕ್ರಮಕ್ಕೆ ಒಂದು ಮಿತಿಯೂ ಇದೆ. ನಾಣಿಯ ಕಣ್ಣಿಗೆ ಬೀಳದ ಯಮುನಕ್ಕ, ಅಂದರೆ ಮಾಸ್ತರನನ್ನು ಬಯಸಿದ ಹೆಣ್ಣು, ನಮಗೂ ಅರ್ಧ ಮರೆಯಲ್ಲೇ ಉಳಿಯುತ್ತಾಳೆ. ಆಕೆಯ ಮಾತು ಇನ್ನಷ್ಟು ಕೇಳಬೇಕಿತ್ತು ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ.

ಹಾಗೆಂದು ಒಂದೇ ದೃಷ್ಟಿಕೋನಕ್ಕೆ ಕಟ್ಟುಬೀಳುವುದೇ ನಿಯಮವಲ್ಲ. ರಾಮ್ ರೆಡ್ಡಿಯವರ ‘ತಿಥಿ’ (2015) ಇದಕ್ಕೆ ವಿರುದ್ಧವಾದ ದಾರಿ ಹಿಡಿಯುತ್ತದೆ: ಸೆಂಚುರಿ ಗೌಡ ಸತ್ತ ಮೇಲೆ ಹನ್ನೊಂದು ದಿನಗಳಲ್ಲಿ ಮಗ ಗಡ್ಡಪ್ಪ, ಮೊಮ್ಮಗ ತಮ್ಮಣ್ಣ, ಮರಿಮಗ ಅಭಿ ಇವರಲ್ಲಿ ಒಬ್ಬರಿಂದ ಇನ್ನೊಬ್ಬರತ್ತ ಚಿತ್ರ ಸರಿದಾಡುತ್ತದೆ. ನಟರು ವೃತ್ತಿನಿರತರಲ್ಲ, ಮಂಡ್ಯದ ಕಡೆಯ ಹಳ್ಳಿಯವರೇ. ಜಮೀನಿಗಾಗಿ ಬದುಕಿರುವ ಅಪ್ಪನನ್ನು ಕಾಗದದಲ್ಲಿ ಸಾಯಿಸಹೊರಟ ತಮ್ಮಣ್ಣನನ್ನು ನೋಡಿ ನಗು ಬರುತ್ತದೆ. ಅವನ ಅವಸರಕ್ಕೂ ಕಾರಣವಿದೆಯೆಂದು ಹೊಳೆದಾಗ ನಗು ಅರ್ಧಕ್ಕೇ ನಿಲ್ಲುತ್ತದೆ. ಬದುಕಿರುವವರನ್ನು ಸತ್ತವರೆಂದು ಸಾರುವ ಕೆಲಸ ಎರಡೂ ಚಿತ್ರಗಳಲ್ಲಿದೆ, ಒಂದರಲ್ಲಿ ಮಂತ್ರದಿಂದ, ಇನ್ನೊಂದರಲ್ಲಿ ಕಾಗದಪತ್ರದಿಂದ.

‘ಘಟಶ್ರಾದ್ಧ’ದ ಪುನರುಜ್ಜೀವಿತ ಪ್ರತಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು; ಅವಕಾಶವಾದರೆ ಆ ಪ್ರತಿಯನ್ನೇ ನೋಡುವುದು ಲೇಸು. ಎರಡನೆಯ ಬಾರಿ ನೋಡುವಾಗ ಪ್ರತಿ ದೃಶ್ಯಕ್ಕೂ ನಾಣಿಗೆ ತಿಳಿದದ್ದೆಷ್ಟು, ನಮಗೆ ತಿಳಿದದ್ದೆಷ್ಟು ಎಂದು ಎರಡು ಕಾಲಂಗಳಲ್ಲಿ ಗುರುತು ಹಾಕಿಕೊಳ್ಳಿ, ಮತ್ತು ನಾಣಿ ಇಲ್ಲದ ದೃಶ್ಯಗಳು ಯಾವುವು, ಅವನ್ನು ನಿರ್ದೇಶಕರು ಏಕೆ ಉಳಿಸಿಕೊಂಡಿರಬಹುದು ಎಂಬುದನ್ನು ಬೇರೆಯಾಗಿ ಬರೆದಿಡಿ.